ದೀರ್ಘ ಆರ್‌ವಿ ಪ್ರವಾಸದ ಕೊನೆಯ ದಿನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಆರ್‌ವಿ ಎಂದರೆ ಹಾಸಿಗೆ, ಅಡುಗೆಯ ಜಾಗ, ಶೌಚ ಎಲ್ಲ ಒಳಗೇ ಇರುವ ಮನೆಗಾಡಿ. ವಾರಗಟ್ಟಲೆ ಅಂಥ ಒಂದೇ ಗಾಡಿಯಲ್ಲಿ ಉಂಡು, ಮಲಗಿ, ಜಗಳವಾಡಿ, ಮತ್ತೆ ರಾಜಿಯಾಗಿ ತಿರುಗಿದ ಕುಟುಂಬಗಳು ಮಾತಿನಲ್ಲೂ ಪತ್ರಗಳಲ್ಲೂ ನನ್ನನ್ನು ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಹೊರಡುವ ಸಿದ್ಧತೆಯ ಬಗ್ಗೆ ಹೇಳುವವರು ಬೇಕಾದಷ್ಟು ಜನರಿದ್ದಾರೆ. ಮುಗಿಸುವ ಬಗ್ಗೆ ಹೇಳುವವರು ಕಡಿಮೆ. ಮುರಿದ ಮೆಟ್ಟಿಲು, ಉಕ್ಕಿ ಹರಿದ ಟ್ಯಾಂಕ್, ತೂಕಡಿಸುವ ಚಾಲಕ, ಮುನಿಸಿಕೊಂಡ ಮಕ್ಕಳು, ಇವೆಲ್ಲ ಒಟ್ಟಿಗೆ ಎದುರಾಗುವುದು ಕೊನೆಯ ಮೂರು ನಾಲ್ಕು ದಿನಗಳಲ್ಲೇ ಎಂಬುದು ನಾನು ಕಂಡದ್ದು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸರಳವಾದವು ಮೊದಲು, ತಾಂತ್ರಿಕವಾದವು ಆಮೇಲೆ.

## ಮೊದಲ ಪ್ರಶ್ನೆಗಳು

ಕೊನೆಯ ದಿನಗಳು ಅಂತ ಬೇರೆ ಯಾಕೆ ಎಣಿಸಬೇಕು? ಹಿಂದಿನ ರಾತ್ರಿ ಪ್ಯಾಕ್ ಮಾಡಿಕೊಂಡರೆ ಸಾಲದೇ?

ಒಂದು ವಾರದ ಪ್ರವಾಸಕ್ಕೆ ಸಾಲಬಹುದು. ಮೂರು ವಾರ ದಾಟಿದ ಮೇಲೆ ಆರ್‌ವಿ ವಾಹನವಾಗಿ ಉಳಿದಿರುವುದಿಲ್ಲ, ಮನೆಯಾಗಿರುತ್ತದೆ: ಸೀಟಿನ ಅಡಿಯಲ್ಲಿ ಬಣ್ಣದ ಪೆನ್ಸಿಲ್, ಬಾಗಿಲಿನ ಜೇಬಿನಲ್ಲಿ ಒಣಗಿದ ಎಲೆಗಳು, ಮೇಲಿನ ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಒಂಟಿ ಕಾಲುಚೀಲ. ಮನೆ ಖಾಲಿ ಮಾಡುವುದು ಒಂದು ರಾತ್ರಿಯ ಕೆಲಸವಲ್ಲ. ಮೂರು ದಿನ ಉಳಿದಿರುವಾಗ ಸಾಮಾನು ಮತ್ತು ಆಹಾರ, ಎರಡು ದಿನ ಉಳಿದಿರುವಾಗ ಟ್ಯಾಂಕ್ ಮತ್ತು ಗಾಡಿಯ ತಪಾಸಣೆ, ಕೊನೆಯ ದಿನಕ್ಕೆ ಒಂದು ಸಣ್ಣ ಪ್ರಯಾಣ ಮಾತ್ರ ಎಂದು ಹಂಚಿಕೊಂಡರೆ ಯಾವ ದಿನವೂ ಭಾರವಾಗುವುದಿಲ್ಲ. ಈ ಮೂರು ದಿನಗಳಲ್ಲಿ ಎಲ್ಲಾದರೂ ಒಂದು ಕಡೆ, ಏನೂ ಬರೆಯದ ಅರ್ಧ ದಿನವೊಂದನ್ನು ಖಾಲಿ ಬಿಡಿ. ಪಂಪ್ ಕೆಟ್ಟರೂ ಮಳೆ ಹಿಡಿದರೂ ಮಗುವಿಗೆ ಜ್ವರ ಬಂದರೂ ಆ ಖಾಲಿ ಹೊತ್ತು ಅದನ್ನು ನುಂಗಿಕೊಳ್ಳುತ್ತದೆ.

ಇನ್ನು 900 ಕಿಲೋಮೀಟರ್ ಇದೆ. ಬೆಳಿಗ್ಗೆ ಬೇಗ ಹೊರಟು ಒಂದೇ ದಿನಕ್ಕೆ ಮುಗಿಸಿಬಿಟ್ಟರೆ ಒಂದು ದಿನ ಉಳಿಯುತ್ತದಲ್ಲ?

ಉಳಿಯುವುದಿಲ್ಲ, ಆ ದಿನವನ್ನು ನೀವು ಮನೆಯಲ್ಲಿ ಮಲಗಿ ಕಳೆಯುತ್ತೀರಿ, ಅದೂ ಎಲ್ಲ ಸುಸೂತ್ರವಾಗಿ ನಡೆದರೆ. ಲೆಕ್ಕ ಹಾಕಿ ನೋಡಿ: ದೊಡ್ಡ ಗಾಡಿಯಲ್ಲಿ ಗಂಟೆಗೆ ಸರಾಸರಿ 75 ಕಿಲೋಮೀಟರ್ ಸಿಕ್ಕಿದರೂ 900 ಕಿಲೋಮೀಟರಿಗೆ ಚಕ್ರ ಉರುಳುವ ಹೊತ್ತೇ 12 ಗಂಟೆ. ಇಂಧನ, ಊಟ, ಮಕ್ಕಳ ಶೌಚಗಳನ್ನು ಸೇರಿಸಿದರೆ 15 ಗಂಟೆ. ಬೆಳಗಿನ 5ಕ್ಕೆ ಎದ್ದವನು ಮನೆಯ ಗೇಟಿನ ಮುಂದೆ, ಕತ್ತಲಲ್ಲಿ, ಎಲ್ಲಕ್ಕಿಂತ ಕಷ್ಟದ ತಿರುವನ್ನು ತೆಗೆದುಕೊಳ್ಳುವ ಹೊತ್ತಿಗೆ ರಾತ್ರಿ 9 ಅಥವಾ 10 ಆಗಿರುತ್ತದೆ. ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸತತ 17 ಗಂಟೆ ಎಚ್ಚರವಾಗಿದ್ದವರ ಕೈ–ಕಣ್ಣಿನ ಹೊಂದಾಣಿಕೆಯು ರಕ್ತದಲ್ಲಿ ಶೇ. 0.05ರಷ್ಟು ಮದ್ಯವಿದ್ದವರ ಮಟ್ಟಕ್ಕೆ ಇಳಿದಿತ್ತು. ಅನೇಕ ದೇಶಗಳಲ್ಲಿ ವಾಹನ ಓಡಿಸಲು ಇರುವ ಕಾನೂನಿನ ಮಿತಿಯೇ ಅದು.

ಮನೆಯ ಕಡೆ ಮುಖ ಮಾಡಿದ ಎತ್ತಿಗೆ ಬಾರುಕೋಲು ಬೇಡ. ಗುರಿ ಹತ್ತಿರವಾದಷ್ಟೂ ನಿಲ್ಲಿಸಲು ಮನಸ್ಸು ಬಾರದಿರುವ ಈ ಸ್ವಭಾವಕ್ಕೆ ವಿಮಾನಯಾನದಲ್ಲಿ ಪ್ಲಾನ್ ಕಂಟಿನ್ಯುಯೇಷನ್ ಬಯಾಸ್ ಎಂಬ ಹೆಸರೇ ಇದ್ದು, ಪೈಲಟ್‌ಗಳಿಗೆ ಅದರ ಬಗ್ಗೆ ತರಬೇತಿಯಲ್ಲೇ ಎಚ್ಚರಿಕೆ ನೀಡುತ್ತಾರೆ. ಯುರೋಪ್ ಒಕ್ಕೂಟದ ನಿಯಮದಂತೆ ಲಾರಿ ಚಾಲಕರು ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಿಸಲೇಬೇಕು. ದಿನವೂ ಅದನ್ನೇ ಮಾಡುವ ವೃತ್ತಿಯ ಚಾಲಕರಿಗೇ ಈ ಕಟ್ಟುಪಾಡು ಬೇಕಾದರೆ, ಹಿಂದಿನ ಸೀಟಿನ ಪಂಚಾಯಿತಿಯನ್ನೂ ಬಗೆಹರಿಸುತ್ತ ಓಡಿಸುವ ಅಪ್ಪ ಅಮ್ಮಂದಿರಿಗೆ ಬೇಡವೇ?

900 ಕಿಲೋಮೀಟರನ್ನು ಮೂರು ದಿನಗಳಿಗೆ ಹಂಚಿ. ಎಲ್ಲಕ್ಕಿಂತ ಚಿಕ್ಕ ಭಾಗವನ್ನು ಕೊನೆಯ ದಿನಕ್ಕೆ ಇಡಿ. ಹೊತ್ತು ಮುಳುಗುವ ಮೊದಲು ಮನೆ ಸೇರುವಂತೆ ನೋಡಿಕೊಳ್ಳಿ. ಮಧ್ಯಾಹ್ನ 2ರಿಂದ 4ರವರೆಗೆ ದೇಹದ ಗಡಿಯಾರವೇ ಮಂದವಾಗುವ ಹೊತ್ತಾದ್ದರಿಂದ ಆಗ ನಿಲ್ಲಿಸುವುದು ಜಾಣತನ. ತೂಕಡಿಕೆ ಬಂದಾಗ ಕಿಟಕಿ ತೆರೆಯುವುದರಿಂದಲೂ ಹಾಡು ಜೋರು ಮಾಡುವುದರಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ಒಂದು ಲೋಟ ಕಾಫಿ ಕುಡಿದು ತಕ್ಷಣ 15–20 ನಿಮಿಷ ಮಲಗಿದರೆ, ಕೆಫೀನ್ ಕೆಲಸ ಆರಂಭಿಸುವ ಹೊತ್ತಿಗೆ ಎಚ್ಚರವಾಗುತ್ತದೆ. ಹಾಸಿಗೆ ಹಿಂದೆಯೇ ಇರುವ ವಾಹನದಲ್ಲಿ ಕುಳಿತು ನಿದ್ದೆಯೊಡನೆ ಗುದ್ದಾಡುವುದಕ್ಕೆ ಅರ್ಥವಿಲ್ಲ.

ತಿಂಗಳು ಓಡಿಸಿ ಕೈ ಪಳಗಿದೆ. ಈಗಲೂ ಹೊರಡುವ ಮುಂಚೆ ಗಾಡಿ ಸುತ್ತ ಬಂದು ನೋಡಬೇಕಾ?

ಕೈ ಪಳಗಿದೆ ಎಂದು ನೀವು ಹೇಳುತ್ತಿರುವುದರಿಂದಲೇ ನೋಡಬೇಕು. ಮೊದಲ ವಾರದಲ್ಲಿ ಭಯ ನಮ್ಮನ್ನು ಕಾಯುತ್ತದೆ. ಐದನೆಯ ವಾರದಲ್ಲಿ ಆ ಕಾವಲುಗಾರ ಇರುವುದಿಲ್ಲ. ನಮ್ಮದೇ ಒಂದು ಪ್ರವಾಸದ 31ನೆಯ ಬೆಳಿಗ್ಗೆ, ಮಕ್ಕಳು ಹತ್ತಿದ ಮೆಟ್ಟಿಲನ್ನು ಒಳಗೆ ಮಡಚದೆ ನಾನು ಗಾಡಿ ಎಳೆದುಬಿಟ್ಟೆ. ಕ್ಯಾಂಪ್‌ಗ್ರೌಂಡಿನ ತಿರುವಿನಲ್ಲಿದ್ದ ಕಾಂಕ್ರೀಟ್ ಅಂಚಿಗೆ ಅದು ತಗುಲಿದಾಗ ಬಂದ ಸದ್ದು ಡಬ್ಬಿಯ ಮುಚ್ಚಳ ತೆರೆದಷ್ಟೇ ಮೆಲ್ಲಗಿತ್ತು. ಮೆಟ್ಟಿಲು ಮಾತ್ರ ನಾಯಿಯ ನಾಲಿಗೆಯಂತೆ ಜೋತುಬಿತ್ತು. ಉಳಿದ ನಾಲ್ಕು ದಿನ ಎಲ್ಲರೂ ಹಾಲಿನ ಕ್ರೇಟನ್ನು ಮೆಟ್ಟಿಲಾಗಿ ಬಳಸಿದೆವು.

ಒಂದೇ ದಿಕ್ಕಿನಲ್ಲಿ, ಪ್ರತಿದಿನ ಅದೇ ಕ್ರಮದಲ್ಲಿ ಸುತ್ತು ಬನ್ನಿ: ವಿದ್ಯುತ್ ಕೇಬಲ್, ನೀರಿನ ಪೈಪು, ಕೊಳಚೆ ಪೈಪಿನ ಮುಚ್ಚಳ, ಆನಿಂಗ್ (ಪಕ್ಕಕ್ಕೆ ಬಿಚ್ಚುವ ನೆರಳಿನ ಬಟ್ಟೆ), ಮೆಟ್ಟಿಲು, ಸ್ಲೈಡ್-ಔಟ್ (ಹೊರಕ್ಕೆ ಜಾರುವ ಕೋಣೆಯ ಭಾಗ), ಛಾವಣಿಯ ಕಿಂಡಿ, ಚಕ್ರಕ್ಕೆ ಕೊಟ್ಟ ಅಡ್ಡಗಟ್ಟೆಗಳು. ನೋಡುತ್ತಿರುವಾಗ ಯಾರಾದರೂ ಮಾತನಾಡಿಸಿದರೆ ಮೊದಲಿನಿಂದ ಆರಂಭಿಸಿ. ಛಾವಣಿಯ ಎಸಿಯನ್ನೂ ಸೇರಿಸಿ ಅಳೆದ ಎತ್ತರವನ್ನು ಬರೆದ ಚೀಟಿ ಸ್ಟೀರಿಂಗ್ ಬಳಿ ಇನ್ನೂ ಅಂಟಿಕೊಂಡಿದೆಯೇ ಎಂದೂ ನೋಡಿ. ಹೊಸ ಊರಿನಲ್ಲಿ ಎಚ್ಚರದಿಂದಿದ್ದವರೇ, ದಿನವೂ ಕಾರಿನಲ್ಲಿ ಓಡಾಡುವ ತಮ್ಮೂರ ರಸ್ತೆಯ ತಗ್ಗಾದ ಸೇತುವೆಯನ್ನು ಮರೆತುಬಿಡುತ್ತಾರೆ.

ಫ್ರಿಜ್‌ನಲ್ಲಿ ಇನ್ನೂ ಬೇಕಾದಷ್ಟು ಇದೆ. ಎಸೆಯಲು ಮನಸ್ಸಿಲ್ಲ.

ಐದು ದಿನ ಮೊದಲೇ ಕೊಳ್ಳುವುದನ್ನು ನಿಲ್ಲಿಸಿ, ಇರುವುದನ್ನು ಮುಂದಿಟ್ಟುಕೊಂಡು ಅಡುಗೆ ಯೋಚಿಸಿ. ಒಳಗಿನ ತಾಪ 4 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಬೇಗ ಕೆಡುವ ಪದಾರ್ಥ ಹೊರಗೆ 2 ಗಂಟೆಗಿಂತ ಹೆಚ್ಚು, ಸೆಖೆ 32 ಡಿಗ್ರಿ ದಾಟಿದ್ದರೆ 1 ಗಂಟೆಗಿಂತ ಹೆಚ್ಚು ಇದ್ದಿದ್ದರೆ ಅದನ್ನು ತಿನ್ನಬೇಡಿ. ಮುಚ್ಚಳ ತೆರೆಯದ ಡಬ್ಬಿಗಳನ್ನು ಅಂದೇ ಬಂದಿಳಿದ ಪಕ್ಕದ ಗಾಡಿಯವರಿಗೆ ಕೊಟ್ಟರೆ ಸಂತೋಷದಿಂದ ತೆಗೆದುಕೊಳ್ಳುತ್ತಾರೆ. ಫ್ರಿಜ್ ಆರಿಸಿದ ಮೇಲೆ ಬಾಗಿಲನ್ನು ಪೂರ್ತಿ ಮುಚ್ಚಬೇಡಿ. ಒಂದು ಬಟ್ಟೆಯ ಸುರುಳಿಯನ್ನು ಸಿಕ್ಕಿಸಿ ಇಷ್ಟೇ ಇಷ್ಟು ತೆರೆದಿಡಿ, ಇಲ್ಲದಿದ್ದರೆ ಒಳಗೆ ಬೂಸ್ಟು ಹಿಡಿಯುತ್ತದೆ.

## ಗಾಡಿಯೊಳಗಿನ ಜನ

ಮೂರು ವಾರ ಚೆನ್ನಾಗಿದ್ದ ಮಕ್ಕಳು ಈಗ ಸಣ್ಣದಕ್ಕೂ ಅಳುತ್ತಾರೆ. ಮನೆ ನೆನಪಾಗಿದೆಯೋ, ಪ್ರವಾಸ ಮುಗಿಯುತ್ತದೆ ಅನ್ನುವ ಬೇಸರವೋ?

ಎರಡೂ, ಅದೂ ಒಟ್ಟಿಗೆ. ತಮ್ಮೊಳಗೆ ಎರಡು ವಿರುದ್ಧ ಆಸೆಗಳಿವೆ ಎಂದು ವಿವರಿಸುವ ಮಾತು ಅವರ ಬಳಿ ಇರುವುದಿಲ್ಲವಾದ್ದರಿಂದ ಅದು ಚಮಚದ ಬಣ್ಣದ ಜಗಳವಾಗಿ ಹೊರಬರುತ್ತದೆ. ಇದಕ್ಕೆ ಬುದ್ಧಿಮಾತು ನಾಟುವುದಿಲ್ಲ. ಉಳಿದ ದಿನಗಳಿಗಿಂತ ಉಳಿದ ರಾತ್ರಿಗಳನ್ನು ಎಣಿಸುವುದು ಚಿಕ್ಕವರಿಗೆ ಸುಲಭ: ‘ಇನ್ನು ಈ ಮಂಚದಲ್ಲಿ ಮೂರು ಸಲ ಮಲಗುತ್ತೀಯ’ ಎಂದರೆ ಅವರಿಗೆ ಕೈಗೆ ಸಿಗುವ ಲೆಕ್ಕವಾಗುತ್ತದೆ. ದೊಡ್ಡ ಮಕ್ಕಳಿಗೆ ನಿಜವಾದ ಕೆಲಸ ಕೊಡಿ. ಹೊರಡುವ ಮುಂಚಿನ ತಪಾಸಣೆಯ ಪಟ್ಟಿಯನ್ನು ಹತ್ತು ವರ್ಷದ ಮಗುವಿನ ಕೈಗೆ ಕೊಟ್ಟ ಮೇಲೆ ನನ್ನ ಮೆಟ್ಟಿಲು ಮತ್ತೆ ಮುರಿದಿಲ್ಲ.

ಬೀಳ್ಕೊಡುಗೆಗೆ ಸ್ವಲ್ಪ ಹೊತ್ತು ಇಡಿ, ಎಷ್ಟೇ ಬಾಲಿಶವೆನಿಸಿದರೂ. ನಮ್ಮ ಕಿರಿಯವನು ಆರು ವರ್ಷದವನಿದ್ದಾಗ ಗಾಡಿಯ ಒಂದೊಂದು ಬೀರುವಿನ ಬಾಗಿಲನ್ನೂ ತೆರೆದು, ಒಳಗೆ ತಲೆ ಹಾಕಿ, ‘ಬರ್ತೀನಿ’ ಎಂದು ಹೇಳಿ ಮುಚ್ಚಿದ. ಹೋಗುತ್ತೀನಿ ಎನ್ನಬಾರದು, ಬರುತ್ತೀನಿ ಎನ್ನಬೇಕು ಎಂಬುದು ಅಜ್ಜಿಯ ಪಾಠ. ಒಟ್ಟು ಹದಿನಾಲ್ಕು ಬಾಗಿಲುಗಳಿದ್ದವು, ನಮಗೆ ತಡವೂ ಆಗಿತ್ತು. ಆದರೆ ಹದಿಮೂರನೆಯದರಲ್ಲಿ, ನಾವು ಹತ್ತು ದಿನದಿಂದ ಹುಡುಕುತ್ತಿದ್ದ ಟಾರ್ಚ್ ಸಿಕ್ಕಿತು.

ದಾರಿ ಹೇಳುವ ವಿಷಯಕ್ಕೆ ನಾನೂ ಇವರೂ ಮಾತು ಬಿಟ್ಟಿದ್ದೇವೆ. ಇನ್ನೂ ನಾಲ್ಕು ದಿನ ಇದೆ.

ಇಪ್ಪತ್ತು ಚದರ ಮೀಟರಿಗಿಂತ ಕಡಿಮೆ ಜಾಗದಲ್ಲಿ ತಿಂಗಳು ಕಳೆದ ಯಾವ ದಂಪತಿಗೂ ಇದು ಹೊಸದಲ್ಲ. ಜಗಳದ ಮೂಲ ದಾರಿಯಾಗಿರುವುದು ಅಪರೂಪ. ಒಂಟಿಯಾಗಿರಲು ಒಂದು ಗಂಟೆಯೂ ಸಿಗದಿರುವುದೇ ಹೆಚ್ಚಾಗಿ ಮೂಲ. ದಿನಕ್ಕೆ ಒಬ್ಬೊಬ್ಬರು ಒಂದೊಂದು ಗಂಟೆ, ಮಕ್ಕಳೂ ಫೋನೂ ಇಲ್ಲದೆ, ಗಾಡಿಯಿಂದ ದೂರ ನಡೆದು ಬನ್ನಿ. ಹಿಂದಕ್ಕೆ ತೆಗೆಯುವಾಗ ಕೂಗಾಟ ಬೇಡ. ನಿಲ್ಲಿಸು, ಎಡಕ್ಕೆ, ಬಲಕ್ಕೆ, ಬಾ ಎಂಬ ನಾಲ್ಕು ಕೈಸನ್ನೆಗಳನ್ನು ನಿಶ್ಚಯಿಸಿಕೊಳ್ಳಿ. ಕನ್ನಡಿಯಲ್ಲಿ ಸನ್ನೆ ಮಾಡುವವರ ಮುಖ ಕಾಣದಿದ್ದರೆ ಗಾಡಿ ಅಲ್ಲಾಡಬಾರದೆಂಬ ನಿಯಮವೊಂದು ಸಾಕು. ಹಣದ ಲೆಕ್ಕವನ್ನು ಮನೆ ಸೇರಿ ಎರಡು ರಾತ್ರಿ ನಿದ್ದೆಯಾಗುವವರೆಗೆ ತೆರೆಯಬೇಡಿ.

ಅಮ್ಮನಿಗೆ 70 ದಾಟಿದೆ. ಕೂತು ಕೂತು ಕಾಲು ಊದಿದೆ. ಹಿಂದೆ ಹಾಸಿಗೆಯಲ್ಲಿ ಮಲಗಿಸಿಕೊಂಡು ಹೋಗಬಹುದಾ?

ಓಡುವ ಗಾಡಿಯಲ್ಲಿ ಮಲಗಿಸಬೇಡಿ. ಜೋರಾಗಿ ಬ್ರೇಕ್ ಹಾಕಿದರೆ ಹಾಸಿಗೆಯಲ್ಲಿ ಅವರನ್ನು ಹಿಡಿದಿಡುವುದು ಏನೂ ಇರುವುದಿಲ್ಲ. ಎರಡೂ ಪಾದಗಳು ಸಮನಾಗಿ ಊದಿ, ರಾತ್ರಿ ಮಲಗಿ ಎದ್ದಾಗ ಇಳಿದಿದ್ದರೆ ಅದು ಸಾಮಾನ್ಯವಾಗಿ ಕುಳಿತದ್ದರ ಫಲ. ಆದರೆ ಒಂದೇ ಕಾಲು ಊದಿ, ಮೀನಖಂಡದಲ್ಲಿ ನೋವಿದ್ದು, ಮುಟ್ಟಿದರೆ ಬಿಸಿಯಾಗಿದ್ದರೆ ಅಥವಾ ಇದ್ದಕ್ಕಿದ್ದಂತೆ ಉಸಿರಾಟಕ್ಕೆ ತೊಂದರೆಯಾದರೆ, ಮನೆ ಎಷ್ಟೇ ಹತ್ತಿರವಿರಲಿ, ಮೊದಲು ಸಿಗುವ ಆಸ್ಪತ್ರೆಗೆ ಹೋಗಿ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 4 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕುಳಿತು ಪ್ರಯಾಣಿಸಿದರೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡರಷ್ಟಾಗುತ್ತದೆ. ಒಟ್ಟಾರೆ ಅಪಾಯ ಚಿಕ್ಕದೇ. ಅದು ಬಸ್ಸು, ಕಾರಿಗೂ ಅನ್ವಯಿಸುತ್ತದೆ. ಎರಡು ಗಂಟೆಗೊಮ್ಮೆ ಇಳಿಸಿ ನಡೆಸಿ, ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಲು ಹೇಳಿ. ಶೌಚಕ್ಕೆ ನಿಲ್ಲಿಸಬೇಕಾಗುತ್ತದೆಂಬ ಸಂಕೋಚದಿಂದ ಹಿರಿಯರು ನೀರು ಕುಡಿಯುವುದನ್ನೇ ಬಿಟ್ಟಿರುತ್ತಾರೆ, ಅದನ್ನೂ ಗಮನಿಸಿ.

ಕೊನೆಯ ರಾತ್ರಿ ಮನೆಗೆ ಹತ್ತಿರದಲ್ಲಿ ಎಲ್ಲಾದರೂ ಹೆದ್ದಾರಿ ಬದಿ ನಿಲ್ಲಿಸಿದರೆ ಸಾಕಲ್ಲವೇ?

ಹತ್ತಿರವಿರಲಿ, ಆದರೆ ಹೆದ್ದಾರಿಯ ಬದಿ ಬೇಡ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ವಿಷಯದಲ್ಲಿ ನನಗೆ ಯಾವಾಗಲೂ ನೆನಪಾಗುತ್ತದೆ. ಜನರು 14 ಡಿಗ್ರಿಯ ತಣ್ಣೀರಿನಲ್ಲಿ ಒಮ್ಮೆ 60 ಸೆಕೆಂಡ್ ಕೈಯಿಟ್ಟರು; ಇನ್ನೊಮ್ಮೆ ಅದೇ 60 ಸೆಕೆಂಡಿನ ನಂತರ, ನೀರನ್ನು ನಿಧಾನವಾಗಿ 15 ಡಿಗ್ರಿಗೆ ಏರಿಸುತ್ತ ಇನ್ನೂ 30 ಸೆಕೆಂಡ್ ಇಟ್ಟರು. ಯಾವುದನ್ನು ಮತ್ತೆ ಮಾಡುತ್ತೀರಿ ಎಂದು ಕೇಳಿದಾಗ ಹೆಚ್ಚಿನವರು ದೀರ್ಘವಾದ ಎರಡನೆಯದನ್ನೇ ಆರಿಸಿಕೊಂಡರು. ಅನುಭವ ಎಷ್ಟು ಹೊತ್ತಿನದು ಎಂಬುದಕ್ಕಿಂತ ಅದರ ತೀವ್ರ ಕ್ಷಣವೂ ಕೊನೆಯೂ ನೆನಪನ್ನು ರೂಪಿಸುತ್ತವೆ. ಪ್ರಯೋಗಾಲಯದ ತಣ್ಣೀರಿಗೂ ಕುಟುಂಬದ ಪ್ರವಾಸಕ್ಕೂ ಅಂತರವಿದೆ, ಒಪ್ಪುತ್ತೇನೆ. ಆದರೂ ಲಾರಿಗಳ ಸದ್ದಿನಲ್ಲಿ ನಿದ್ದೆಗೆಟ್ಟ ಕೊನೆಯ ರಾತ್ರಿಯ ನೆನಪು ಅದಕ್ಕೂ ಹಿಂದಿನ ಒಳ್ಳೆಯ ಹತ್ತು ರಾತ್ರಿಗಳನ್ನು ಮಸುಕಾಗಿಸಿದ್ದನ್ನು ನಾನು ನೋಡಿದ್ದೇನೆ. ಮನೆಯಿಂದ ಎರಡು ಮೂರು ಗಂಟೆಯ ದೂರದಲ್ಲಿ, ಮರಗಳೋ ನೀರೋ ಇರುವ, ಡಂಪ್ ಸ್ಟೇಷನ್ (ಗಾಡಿಯ ಕೊಳಚೆ ಟ್ಯಾಂಕ್ ಖಾಲಿ ಮಾಡುವ ಜಾಗ) ಇರುವ ಕ್ಯಾಂಪ್‌ಗ್ರೌಂಡನ್ನು ಮುಂಗಡವಾಗಿ ಗೊತ್ತುಮಾಡಿಕೊಂಡು ಮಧ್ಯಾಹ್ನವೇ ಸೇರಿಕೊಳ್ಳಿ. ಅಂದು ಹೊಸದೇನನ್ನೂ ನೋಡುವ ಅಗತ್ಯವಿಲ್ಲ.

ಮಕ್ಕಳು ಕಲ್ಲು ಕೂಡಿಟ್ಟಿದ್ದಾರೆ, ಸೌದೆಯೂ ಮಿಕ್ಕಿದೆ. ಮನೆಗೆ ತರಬಹುದೇ?

ಸೌದೆಯನ್ನು ತರಬೇಡಿ. ತೊಗಟೆಯೊಳಗೆ ಕಣ್ಣಿಗೆ ಕಾಣದ ಮರಿಹುಳುಗಳೂ ಶಿಲೀಂಧ್ರಗಳೂ ಪ್ರಯಾಣ ಮಾಡುತ್ತವೆ. ಉತ್ತರ ಅಮೆರಿಕದಲ್ಲಿ 2002ರಲ್ಲಿ ಮಿಷಿಗನ್‌ನಲ್ಲಿ ಮೊದಲು ಪತ್ತೆಯಾದ ಎಮರಾಲ್ಡ್ ಆಶ್ ಬೋರರ್ ಎಂಬ ಜೀರುಂಡೆ ಕೋಟಿಗಟ್ಟಲೆ ಆಶ್ ಮರಗಳನ್ನು ಕೊಂದಿದೆ. ಅದು ದೂರ ದೂರಕ್ಕೆ ಹಬ್ಬಲು ಜನ ಸಾಗಿಸಿದ ಸೌದೆಯೂ ಒಂದು ಕಾರಣ. ಎಲ್ಲಿ ಕೊಂಡಿರೋ ಅಲ್ಲೇ ಉರಿಸಿ ಅಥವಾ ಅಲ್ಲೇ ಬಿಟ್ಟುಬನ್ನಿ. ಕಲ್ಲು, ಚಿಪ್ಪು, ಸಸ್ಯಗಳನ್ನು ಅನೇಕ ಸಂರಕ್ಷಿತ ಪ್ರದೇಶಗಳಿಂದ ತೆಗೆದುಕೊಂಡು ಹೋಗುವುದು ಅಪರಾಧ. ಯಾವ ಕಲ್ಲು ಎಲ್ಲಿಯದೆಂದು ಮಕ್ಕಳನ್ನೇ ಕೇಳಿ; ದೊಡ್ಡವರಿಗಿಂತ ಚೆನ್ನಾಗಿ ಅವರಿಗೆ ನೆನಪಿರುತ್ತದೆ.

## ಗಾಡಿಯ ಕೆಲಸ

ಬ್ಲ್ಯಾಕ್ ಟ್ಯಾಂಕ್ ಕಾಲುಭಾಗ ತುಂಬಿದೆ ಎಂದು ತೋರಿಸುತ್ತಿದೆ. ಇದನ್ನು ಕೊನೆಯಲ್ಲಿ ಖಾಲಿ ಮಾಡುವ ಸರಿಯಾದ ಕ್ರಮ ಯಾವುದು?

ಸೂಚಕದ ದೀಪಗಳನ್ನು ಐದು ವಾರಗಳ ನಂತರ ನಂಬಬೇಡಿ. ಗೋಡೆಗೆ ಅಂಟಿದ ಕಾಗದವನ್ನೂ ಅದು ತುಂಬಿದ ಟ್ಯಾಂಕ್ ಎಂದೇ ಓದುತ್ತದೆ. ಶೌಚದ ಬ್ಲ್ಯಾಕ್ ಟ್ಯಾಂಕ್ ಚೆನ್ನಾಗಿ ಖಾಲಿಯಾಗಬೇಕಾದರೆ ಒಳಗಿನದು ಒಮ್ಮೆಗೇ ರಭಸದಿಂದ ಹರಿಯಬೇಕು, ಅದಕ್ಕೆ ಟ್ಯಾಂಕ್ ಕನಿಷ್ಠ ಮೂರನೆಯ ಎರಡು ಭಾಗ ತುಂಬಿರಬೇಕು. ಕಾಲುಭಾಗ ಮಾತ್ರ ಇದ್ದರೆ ಶೌಚಪಾತ್ರೆಯ ಮೂಲಕ ನೀರು ಸುರಿದು ತುಂಬಿಸಿ, ಸಾಧ್ಯವಾದರೆ ಆ ನೀರಿನೊಡನೆ ಸ್ವಲ್ಪ ದೂರ ಗಾಡಿ ಓಡಿಸಿ. ರಸ್ತೆಯ ಕುಲುಕಾಟವೇ ಒಳಗನ್ನು ತೊಳೆಯುತ್ತದೆ.

ಡಂಪ್ ಸ್ಟೇಷನ್‌ನಲ್ಲಿ ಕೈಗವಸು ತೊಟ್ಟು, ಪೈಪಿನ ಎರಡೂ ತುದಿಗಳನ್ನು ಭದ್ರಪಡಿಸಿದ ಮೇಲೆ, ಮೊದಲು ಬ್ಲ್ಯಾಕ್ ಟ್ಯಾಂಕಿನ ಕವಾಟವನ್ನು ತೆರೆಯಬೇಕು. ಸದ್ದು ನಿಂತ ಮೇಲೆ ಮತ್ತೆ ನೀರು ತುಂಬಿಸಿ ಇನ್ನೊಮ್ಮೆ ಬಿಡಿ. ಪೈಪಿನ ಪಾರದರ್ಶಕ ಮೊಣಕೈ ತುಂಡಿನಲ್ಲಿ ತಿಳಿನೀರು ಕಾಣುವವರೆಗೆ ಇದನ್ನು ಮುಂದುವರಿಸಿ. ಅದನ್ನು ಮುಚ್ಚಿದ ಮೇಲೆಯೇ ಸ್ನಾನ ಮತ್ತು ಪಾತ್ರೆಯ ನೀರಿರುವ ಗ್ರೇ ಟ್ಯಾಂಕನ್ನು ತೆರೆಯಿರಿ. ಆ ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಕ್ರಮ ಹಿಂದುಮುಂದಾದರೆ ಕೊಳೆ ಪೈಪಿನಲ್ಲೇ ಉಳಿದು ಮನೆಗೆ ಬರುತ್ತದೆ.

ಕ್ಯಾಂಪ್‌ಗ್ರೌಂಡಿನಲ್ಲಿ ಕೊಳಚೆ ಸಂಪರ್ಕ ಕೊಟ್ಟುಕೊಂಡು ಬ್ಲ್ಯಾಕ್ ಕವಾಟವನ್ನು ದಿನಗಟ್ಟಲೆ ತೆರೆದೇ ಇಡುವುದು ನಾನು ನೋಡಿದ ಸಾಮಾನ್ಯ ತಪ್ಪು. ದ್ರವ ಹರಿದುಹೋಗಿ ಘನವಸ್ತು ಗುಡ್ಡೆಯಾಗಿ ಒಣಗುತ್ತದೆ. ಅದನ್ನು ಕರಗಿಸಲು ದಿನಗಟ್ಟಲೆ ನೀರು ತುಂಬಿ ನೆನೆಸಬೇಕಾಗುತ್ತದೆ. ಡಂಪ್ ಸ್ಟೇಷನ್‌ನಲ್ಲಿ ತೊಳೆಯಲು ಇಟ್ಟಿರುವ ಪೈಪಿನಿಂದ ಕುಡಿಯುವ ನೀರಿನ ಟ್ಯಾಂಕನ್ನು ಎಂದಿಗೂ ತುಂಬಬಾರದು.

ಹಿಂದಿರುಗುವಾಗ ಗಾಡಿ ಭಾರವಾದಂತೆ, ಏರಿನಲ್ಲಿ ಎಳೆಯದಂತೆ ಅನಿಸುತ್ತಿದೆ. ಭ್ರಮೆಯೇ?

ಭ್ರಮೆಯಾಗಿರಲಾರದು. ಪುಸ್ತಕ, ಆಟಿಕೆ, ಮಡಚುವ ಕುರ್ಚಿ ಎನ್ನುತ್ತ ತಿಂಗಳಲ್ಲಿ ಸೇರಿದ್ದು ಸುಲಭವಾಗಿ ಮೂರು ನಾಲ್ಕು ಮೂಟೆಯ ತೂಕವಾಗುತ್ತದೆ. ನೀರು ಲೀಟರಿಗೆ 1 ಕಿಲೋ ತೂಗುವುದರಿಂದ, 150 ಲೀಟರಿನ ಟ್ಯಾಂಕನ್ನು ತುಂಬಿಕೊಂಡು ಹೋದರೆ ಇಬ್ಬರು ದೊಡ್ಡವರನ್ನು ಹೆಚ್ಚಿಗೆ ಕೂರಿಸಿಕೊಂಡಂತೆ. ಕೊನೆಯ ದಿನಕ್ಕೆ ಬೇಕಾದಷ್ಟು ನೀರು ಮಾತ್ರ ಇಟ್ಟುಕೊಳ್ಳಿ. ಭಾರದ ವಸ್ತುಗಳನ್ನು ಕೆಳಗೆ, ಅಚ್ಚುಗಳ ನಡುವೆ ಇಡಿ. ದಾರಿಯಲ್ಲಿ ಲಾರಿಗಳನ್ನು ತೂಗುವ ವೇ ಬ್ರಿಡ್ಜ್ ಸಿಕ್ಕರೆ ಮುಂದಿನ ಮತ್ತು ಹಿಂದಿನ ಅಚ್ಚುಗಳನ್ನು ಬೇರೆ ಬೇರೆಯಾಗಿ ತೂಗಿಸಿ, ಬಾಗಿಲಿನ ಬಳಿಯ ಫಲಕದಲ್ಲಿ ಬರೆದ ಮಿತಿಯೊಡನೆ ಹೋಲಿಸಿ.

ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮೊದಲೇ ನೋಡಬೇಕು. ಹೊರಗಿನ ತಾಪ 5–6 ಡಿಗ್ರಿ ಇಳಿದರೆ ಒತ್ತಡ ಸುಮಾರು ಶೇ. 2ರಷ್ಟು ಇಳಿಯುತ್ತದೆ, ಬಯಲಿನ ಸೆಖೆಯಲ್ಲಿ ತುಂಬಿಸಿದ ಗಾಳಿ ಬೆಟ್ಟದ ಚಳಿಯ ಬೆಳಿಗ್ಗೆಗೆ ಸಾಲದು. ಓಡಿ ಬಿಸಿಯಾದ ಟೈರಿನಿಂದ ಗಾಳಿ ಇಳಿಸುವುದಂತೂ ಅಪಾಯ, ಏಕೆಂದರೆ ತಣ್ಣಗಾದಾಗ ಅದು ಇನ್ನೂ ಕಡಿಮೆಯಾಗುತ್ತದೆ. ಭಾರ ಹೆಚ್ಚಿ ಗಾಳಿ ಕಡಿಮೆಯಾದ ಟೈರಿನ ಪಕ್ಕೆಗಳು ಬಾಗಿ ಬಾಗಿ ಕಾದು ಒಡೆಯುತ್ತವೆ. ವೇಗವನ್ನೂ ಇಳಿಸಿ: ಬ್ರೇಕ್ ಹಾಕಿದ ಮೇಲೆ ಗಾಡಿ ಸಾಗುವ ದೂರ ವೇಗದ ವರ್ಗದಂತೆ ಬೆಳೆಯುವುದರಿಂದ 80ರ ಬದಲು 100ರಲ್ಲಿ ಹೋದರೆ ಅದು ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ.

ನಡುರಾತ್ರಿ ನೆಲದ ಹತ್ತಿರದ ಗ್ಯಾಸ್ ಅಲಾರಂ ಕಿರುಚುತ್ತದೆ. ವಾಸನೆ ಇಲ್ಲ. ತಂತಿ ಕಿತ್ತುಬಿಡಲೇ?

ಕೀಳಬೇಡಿ. ಮೊದಲು ಎಲ್ಲರನ್ನೂ ಹೊರಗೆ ಕರೆದುಕೊಂಡು ಬನ್ನಿ, ಆಮೇಲೆ ಸಿಲಿಂಡರಿನ ಕವಾಟ ಮುಚ್ಚಿ. ಒಳಗೆ ಸ್ವಿಚ್ ಮುಟ್ಟಬೇಡಿ. ಸಿಲಿಂಡರಿನಲ್ಲಿರುವ ಪ್ರೊಪೇನ್ ಅನಿಲಕ್ಕೆ ಸ್ವಂತ ವಾಸನೆಯಿಲ್ಲ, ಸೋರಿಕೆ ತಿಳಿಯಲೆಂದು ಈಥೈಲ್ ಮರ್ಕಾಪ್ಟನ್ ಬೆರೆಸಿರುತ್ತಾರೆ. ಆದರೆ ಅದರ ನಡುವೆಯೇ ಇರುವ ಮೂಗು ಸ್ವಲ್ಪ ಹೊತ್ತಿನಲ್ಲಿ ಅದಕ್ಕೆ ಒಗ್ಗಿಹೋಗುತ್ತದೆ. ಈ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲಿ ಸಂಗ್ರಹವಾಗುತ್ತದೆ, ಅಲಾರಂ ಅಲ್ಲಿರುವುದು ಅದಕ್ಕೇ. ಬ್ಯಾಟರಿಯ ಒತ್ತಡ ಇಳಿದಾಗಲೂ, ಅಲಾರಂನ ಅವಧಿ ಮುಗಿದಾಗಲೂ ಸದ್ದು ಬರುವುದುಂಟು. ಅದರ ಹಿಂಬದಿಯಲ್ಲಿ ದಿನಾಂಕವಿರುತ್ತದೆ. ಆದರೆ ಸೋರಿಕೆ ಇಲ್ಲವೆಂದು ಸೋಪಿನ ನೊರೆ ಹಚ್ಚಿ ಖಚಿತಪಡಿಸಿಕೊಂಡ ಮೇಲೆಯೇ ಆ ನಿರ್ಧಾರಕ್ಕೆ ಬರಬೇಕು.

ಬಾಡಿಗೆ ಗಾಡಿ ಹಿಂದಿರುಗಿಸುವಾಗ ಯಾವುದರಲ್ಲಿ ಸಿಕ್ಕಿಬೀಳುತ್ತೇವೆ?

ಹೊತ್ತಿನಲ್ಲಿ. ಹನ್ನೊಂದಕ್ಕೆ ಒಪ್ಪಿಸಬೇಕಾದ ಗಾಡಿಯನ್ನು ಹತ್ತೂವರೆಗೆ ಡಂಪ್ ಸ್ಟೇಷನ್‌ನ ಸಾಲಿನಲ್ಲಿ ನಿಲ್ಲಿಸಿಕೊಂಡು ಬೆವರುವವರೇ ಹೆಚ್ಚು. ಟ್ಯಾಂಕ್‌ಗಳ ಕೆಲಸವನ್ನು ಹಿಂದಿನ ಸಂಜೆಯೇ ಮುಗಿಸಿ, ಸಾಮಾನನ್ನು ಮನೆಯಲ್ಲಿ ಇಳಿಸಿ, ಖಾಲಿ ಗಾಡಿಯನ್ನು ಒಬ್ಬರೇ ಒಪ್ಪಿಸಿ ಬನ್ನಿ; ದಣಿದ ಮಕ್ಕಳನ್ನು ಆ ಅಂಗಳಕ್ಕೆ ಕರೆದೊಯ್ಯುವ ಅಗತ್ಯವಿಲ್ಲ. ತೆಗೆದುಕೊಂಡ ದಿನದ ಚಿತ್ರಗಳ ಜೊತೆಗೆ, ಒಪ್ಪಿಸುವ ದಿನ ನಾಲ್ಕೂ ಮೂಲೆ, ಛಾವಣಿಯ ಅಂಚು, ಮುಂಗಾಜು, ಕಿಲೋಮೀಟರ್ ಮಾಪಕ, ಇಂಧನದ ಮುಳ್ಳು, ಜನರೇಟರಿನ ಗಂಟೆ ಮಾಪಕ ಎಲ್ಲದರ ಚಿತ್ರ ತೆಗೆದಿಡಿ. ಅನೇಕ ಮೋಟರ್‌ಹೋಂಗಳಲ್ಲಿ ಜನರೇಟರ್ ಮುಖ್ಯ ಟ್ಯಾಂಕಿನಿಂದಲೇ ಇಂಧನ ಎಳೆದುಕೊಂಡು, ಕಾಲುಭಾಗ ಉಳಿದಾಗ ತಾನಾಗಿ ನಿಲ್ಲುವಂತೆ ಕೊಳವೆ ಇಟ್ಟಿರುತ್ತಾರೆ. ಕೊನೆಯ ಬೆಳಿಗ್ಗೆ ಅದು ನಿಂತರೆ ಕೆಟ್ಟಿದೆಯೆಂದು ಗಾಬರಿಯಾಗುವ ಮೊದಲು ಇಂಧನದ ಮುಳ್ಳನ್ನು ನೋಡಿ. ಆದ ಗೀರನ್ನು ನೀವೇ ತೋರಿಸಿ ಹೇಳಿದರೆ ಮಾತು ಬೇಗ ಮುಗಿಯುತ್ತದೆ.

## ಸ್ವಂತ ಗಾಡಿ ಇರುವವರಿಗೆ

ತಿಂಗಳುಗಟ್ಟಲೆ ನಿಲ್ಲಿಸಿಡುತ್ತೇವೆ. ಬ್ಯಾಟರಿ ಪ್ರತಿವರ್ಷ ಸಾಯುತ್ತಿದೆ, ಯಾಕೆ?

ಎಲ್ಲ ಸ್ವಿಚ್ ಆರಿಸಿದರೂ ಗ್ಯಾಸ್ ಅಲಾರಂ, ರೇಡಿಯೊದ ಗಡಿಯಾರ ಮುಂತಾದವು ಹಗಲಿರುಳು ಸ್ವಲ್ಪ ಸ್ವಲ್ಪ ವಿದ್ಯುತ್ತನ್ನು ಹೀರುತ್ತಲೇ ಇರುತ್ತವೆ. ಸಂಪರ್ಕ ಕಡಿಯುವ ಮುಖ್ಯ ಸ್ವಿಚ್ ಇಲ್ಲದಿದ್ದರೆ ಋಣಧ್ರುವದ ತಂತಿಯನ್ನೇ ಬಿಚ್ಚಿಡಿ. 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ ತುಂಬಿ ವಿಶ್ರಾಂತಿಯಲ್ಲಿರುವಾಗ 12.6ರಿಂದ 12.7 ವೋಲ್ಟ್ ತೋರಿಸುತ್ತದೆ, 12.1ರ ಸುಮಾರಿಗೆ ಬಂದರೆ ಅರ್ಧ ಖಾಲಿಯಾಗಿದೆ ಎಂದರ್ಥ, ಪದೇ ಪದೇ ಅದಕ್ಕಿಂತ ಇಳಿದರೆ ಆಯುಷ್ಯ ಕುಗ್ಗುತ್ತದೆ. ಇದನ್ನು ತುಂಬಿಸಿಯೇ ಇಡಬೇಕು, ಏಕೆಂದರೆ ಖಾಲಿ ಬ್ಯಾಟರಿ ಚಳಿಗೆ ಹೆಪ್ಪುಗಟ್ಟಿ ಒಡೆಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಲೆಕ್ಕ ಬೇರೆ: ಅದನ್ನು ಸುಮಾರು ಅರ್ಧ ತುಂಬಿಸಿ ಇಡುವುದು ಒಳ್ಳೆಯದು, ಮತ್ತು 0 ಡಿಗ್ರಿಗಿಂತ ಕಡಿಮೆ ತಾಪದಲ್ಲಿ ಚಾರ್ಜ್ ಮಾಡಬಾರದು.

ಚಳಿಗೆ ನೀರಿನ ಪೈಪು ಒಡೆಯದಂತೆ ಏನು ಮಾಡಬೇಕು? ಕಾರಿನ ಆ್ಯಂಟಿಫ್ರೀಜ್ ಹಾಕಿದರೆ ಆಗುತ್ತದೆಯೇ?

ಕಾರಿನ ಆ ಹೆಪ್ಪುಗಟ್ಟದ ದ್ರವವನ್ನು ಹಾಕಲೇಬಾರದು. ಅದರಲ್ಲಿ ಸಾಮಾನ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲ್, ಅದು ವಿಷ. ಮುಂದಿನ ವರ್ಷ ಮಕ್ಕಳು ಕುಡಿಯುವ ನೀರು ಅದೇ ಪೈಪಿನಲ್ಲಿ ಬರುತ್ತದೆ. ಆರ್‌ವಿಗೆಂದೇ ಸಿಗುವ, ಸಾಮಾನ್ಯವಾಗಿ ಗುಲಾಬಿ ಬಣ್ಣದ, ಪ್ರೊಪಿಲೀನ್ ಗ್ಲೈಕಾಲ್ ಇರುವುದನ್ನು ಬಳಸಿ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇ. 9ರಷ್ಟು ಹಿಗ್ಗುವುದರಿಂದ ಒಂದು ಗುಟುಕು ನೀರು ಉಳಿದರೂ ಪಂಪಿನ ಒಳಭಾಗ ಸೀಳುತ್ತದೆ.

ಮೊದಲು ನೀರಿನ ಹೀಟರನ್ನು ಆರಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ನಲ್ಲಿ ತೆರೆದು ಒತ್ತಡ ಇಳಿಸಿದ ಮೇಲೆ ಅದರ ಬಿರಡೆ ತೆಗೆಯಿರಿ. ಬಿಸಿ ಇರುವಾಗ ತೆಗೆದರೆ ಕೈ ಸುಡುತ್ತದೆ. ಉಕ್ಕಿನ ಹೀಟರಾದರೆ ಬಿರಡೆಯ ಜೊತೆಗೆ, ತಾನು ಸವೆದು ಹೀಟರಿಗೆ ತುಕ್ಕು ಹಿಡಿಯದಂತೆ ಕಾಯುವ ಆನೋಡ್ ಕಡ್ಡಿ ಹೊರಬರುತ್ತದೆ, ಮುಕ್ಕಾಲು ಸವೆದಿದ್ದರೆ ಬದಲಿಸಿ. ಹೀಟರನ್ನು ಬೈಪಾಸ್‌ಗೆ, ಅಂದರೆ ದ್ರವ ಅದರೊಳಗೆ ಹೋಗದೆ ಪಕ್ಕದಿಂದ ಸಾಗುವಂತೆ, ತಿರುಗಿಸದಿದ್ದರೆ ಗುಲಾಬಿ ದ್ರವದ ಹೆಚ್ಚಿನ ಭಾಗ ಅದನ್ನು ತುಂಬಲೇ ಖರ್ಚಾಗುತ್ತದೆ. ಆಮೇಲೆ ಪಂಪಿನ ಮೂಲಕ ದ್ರವ ಎಳೆದುಕೊಂಡು ಪ್ರತಿ ನಲ್ಲಿಯಲ್ಲೂ, ಬಿಸಿ ಮತ್ತು ತಣ್ಣನೆಯ ಎರಡೂ ಕಡೆ, ಗುಲಾಬಿ ಬಣ್ಣ ಬರುವವರೆಗೆ ಬಿಡಿ. ಜನ ಮರೆಯುವುದು ಹೊರಗಿನ ಷವರ್ ಮತ್ತು ಶೌಚದ ಕವಾಟ. ಬಚ್ಚಲಿನ ಕೆಳಗಿನ ಬಾಗಿದ ಕೊಳವೆಗಳಿಗೂ ಒಂದೊಂದು ಲೋಟ ಸುರಿಯಿರಿ.

ಋತು ಕಳೆದು ಮತ್ತೆ ಹೊರಡುವ ಮುನ್ನ ಇದನ್ನೆಲ್ಲ ತೊಳೆದು, 57 ಲೀಟರ್ ನೀರಿಗೆ 60 ಮಿಲಿಲೀಟರಿನಂತೆ ಸುವಾಸನೆಯಿಲ್ಲದ ಮನೆಬಳಕೆಯ ಬ್ಲೀಚ್ ಬೆರೆಸಿ, ಟ್ಯಾಂಕ್ ಮತ್ತು ಪೈಪುಗಳಲ್ಲಿ ಕೆಲವು ಗಂಟೆ ನಿಲ್ಲಿಸಿ, ವಾಸನೆ ಹೋಗುವವರೆಗೆ ತಿಳಿನೀರಿನಲ್ಲಿ ತೊಳೆಯಬೇಕು.

ಮುಂದಿನ ಪ್ರವಾಸಕ್ಕೆ ಅಂತ ಏನಾದರೂ ಬರೆದಿಡಬೇಕೇ? ಚಿತ್ರಗಳು ಇವೆಯಲ್ಲ.

ಚಿತ್ರಗಳಲ್ಲಿ ಬೆಟ್ಟವಿರುತ್ತದೆ, ಟ್ಯಾಂಕ್ ಎಷ್ಟು ದಿನಕ್ಕೆ ತುಂಬಿತೆಂಬುದು ಇರುವುದಿಲ್ಲ. ಮನೆ ಸೇರಿದ ಎರಡು ದಿನದೊಳಗೆ, ಬಟ್ಟೆಗಳು ಇನ್ನೂ ಒಗೆಯದೆ ಬಿದ್ದಿರುವಾಗಲೇ, ಎಲ್ಲರೂ ಕುಳಿತು ಬರೆಯಿರಿ: ನಿಮ್ಮ ಕುಟುಂಬಕ್ಕೆ ಗ್ರೇ ಟ್ಯಾಂಕ್ ಎಷ್ಟು ದಿನ ಬಂತು, ಒಂದು ಸಿಲಿಂಡರ್ ಎಷ್ಟು ರಾತ್ರಿ ಉರಿಯಿತು, ಯಾವ ಕಿಟಕಿಯ ಮೂಲೆಯಲ್ಲಿ ಮಳೆ ನೀರು ಇಣುಕಿತು, ಯಾವ ಮಂಚ ಯಾರಿಗೆ ಗಿಡ್ಡವಾಯಿತು, ಯಾವ ಸಾಮಾನು ಚೀಲದಿಂದ ಹೊರಗೆ ಬರಲೇ ಇಲ್ಲ. ಟೈರಿನ ಪಕ್ಕೆಯಲ್ಲಿ DOT (ಡಾಟ್) ಎಂಬ ಅಕ್ಷರಗಳಿಂದ ಆರಂಭವಾಗುವ ಸಂಕೇತವಿದ್ದರೆ ಅದರ ಕೊನೆಯ ನಾಲ್ಕು ಅಂಕಿಗಳನ್ನೂ ಗುರುತು ಹಾಕಿಕೊಳ್ಳಿ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ನಮ್ಮ ಕಳೆದ ಸಲದ ಪುಟದಲ್ಲಿ ದೊಡ್ಡವಳು ಬರೆದ ಒಂದು ಸಾಲಿದೆ: ‘ಎರಡು ಛತ್ರಿ ಸಾಲದು; ಅಪ್ಪನಿಗೆ ಹೇಳಿದರೂ ತರುವುದಿಲ್ಲ, ನಾನೇ ಇಡಬೇಕು.’